ಏಕಫಲಕ ಗಣಕದ ವಿದ್ಯುತ್ಪೂರೈಕೆ: ಒಂದು ಐತಿಹಾಸಿಕ ಪರಿಶೀಲನೆ

ಯಂತ್ರಗಳ ಚರಿತ್ರೆಯನ್ನು ಬರೆದವರಲ್ಲಿ ಬಹುಮಂದಿ ಯಂತ್ರವು ಏನನ್ನು ಸಾಧಿಸಿತೆಂಬುದನ್ನು ವಿಸ್ತಾರವಾಗಿ ವರ್ಣಿಸಿ, ಅದಕ್ಕೆ ಶಕ್ತಿಯು ಎಲ್ಲಿಂದ, ಹೇಗೆ ಬಂದಿತೆಂಬುದನ್ನು ಒಂದೆರಡು ಮಾತಿನಲ್ಲಿ ಮುಗಿಸಿಬಿಡುವುದು ವಾಡಿಕೆ. ಗಣಕಯಂತ್ರದ ಚರಿತ್ರೆಯಲ್ಲಂತೂ ಈ ಉಪೇಕ್ಷೆ ಎದ್ದು ಕಾಣುತ್ತದೆ. ವೇಗ, ಸ್ಮೃತಿಯ ಅಳತೆ, ಬೆಲೆ, ಮಾರಾಟದ ಸಂಖ್ಯೆ ಇವುಗಳ ಕೋಷ್ಟಕಗಳು ಬೇಕಾದಷ್ಟು ದೊರೆಯುತ್ತವೆ. ಆದರೆ ಗೋಡೆಯ ಪ್ಲಗ್ಗಿಗೂ ಯಂತ್ರಕ್ಕೂ ನಡುವೆ ಹಾದುಹೋಗುವ ಒಂದು ಗಜ ತಂತಿಯ ಚರಿತ್ರೆಯನ್ನು ಬರೆದವರು ವಿರಳ. ರಾಸ್ಪ್‌ಬೆರಿ ಪೈ ಎಂಬ ಹೆಸರಿನ ಚಿಕ್ಕ ಏಕಫಲಕ ಗಣಕವೂ ಅದಕ್ಕೆ ಜೋಡಿಸುವ ಸ್ಪರ್ಶಪರದೆಯೂ ೨೦೧೨ರಿಂದ ಈಚೆಗೆ ತಮಗೆ ಬೇಕಾದ ವಿದ್ಯುತ್ತನ್ನು ಸ್ಥಿರವಾಗಿ ಪಡೆಯಲು ಪಟ್ಟ ಪಾಡನ್ನು ಕ್ರಮವಾಗಿ ನಿರೂಪಿಸಿ, ಅದರ ಕಾರಣವನ್ನು ವಿಚಾರಿಸುವುದು ಈ ಲೇಖನದ ಉದ್ದೇಶ. ವಿಷಯವು ಎಂಜಿನಿಯರುಗಳಿಗೆ ಸೇರಿದುದೆಂದು ಕೆಲವರು ಆಕ್ಷೇಪಿಸಬಹುದು. ಇದರಲ್ಲಿ ಎಂಜಿನಿಯರುಗಳಿಗೆ ಸೇರಿದ ಭಾಗ ಅಲ್ಪ. ಬೆಲೆ, ಒಪ್ಪಂದ, ಹೊಣೆ ಇವುಗಳಿಗೆ ಸೇರಿದ ಭಾಗವೇ ಅಧಿಕ.

ಈ ಯಂತ್ರದ ಹುಟ್ಟು ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ. ಅಲ್ಲಿನ ವಿಶ್ವವಿದ್ಯಾನಿಲಯದಲ್ಲಿ ಗಣಕವಿಜ್ಞಾನವನ್ನು ಅಭ್ಯಾಸ ಮಾಡಲು ಬರುವ ವಿದ್ಯಾರ್ಥಿಗಳ ಸಂಖ್ಯೆಯೂ ಪೂರ್ವಸಿದ್ಧತೆಯೂ ಕುಗ್ಗುತ್ತಿರುವುದನ್ನು ಕಂಡ ಎಬೆನ್ ಅಪ್ಟನ್ ಮೊದಲಾದವರು, ಮಕ್ಕಳ ಕೈಗೆ ನಿರ್ಭಯವಾಗಿ ಕೊಡಬಹುದಾದ ಅಗ್ಗದ ಗಣಕವೊಂದನ್ನು ನಿರ್ಮಿಸಬೇಕೆಂದು ೨೦೦೬ರ ಸುಮಾರಿಗೆ ಯೋಚಿಸತೊಡಗಿದರು. ೨೦೦೯ರಲ್ಲಿ ಇದಕ್ಕಾಗಿಯೇ ಒಂದು ಧರ್ಮಸಂಸ್ಥೆಯು ಸ್ಥಾಪಿತವಾಯಿತು. ೨೦೧೨ರ ಫೆಬ್ರವರಿ ೨೯ರಂದು 'ಮಾಡೆಲ್ ಬಿ' ಎಂಬ ಫಲಕವು ೩೫ ಡಾಲರ್ ಬೆಲೆಗೆ ಮಾರಾಟಕ್ಕೆ ಬಂದಿತು. 'ಮಾಡೆಲ್ ಎ', 'ಮಾಡೆಲ್ ಬಿ' ಎಂಬ ಹೆಸರುಗಳು ಅದೇ ಊರಿನ ಏಕಾರ್ನ್ ಸಂಸ್ಥೆಯು ೧೯೮೧ರಲ್ಲಿ ಹೊರತಂದ ಬಿ.ಬಿ.ಸಿ. ಮೈಕ್ರೊ ಗಣಕದ ಹೆಸರುಗಳ ಸ್ಮರಣೆ.

ಹೆಸರು ಏಕಾರ್ನ್‌ನದಾದರೂ ವಿದ್ಯುತ್ತಿನ ವಿಷಯದಲ್ಲಿ ಈ ಯಂತ್ರವು ಅದರ ಪ್ರತಿಸ್ಪರ್ಧಿಯ ಸಂತಾನವೆಂದೇ ನನ್ನ ಅಭಿಪ್ರಾಯ. ಬಿ.ಬಿ.ಸಿ. ಮೈಕ್ರೊದಲ್ಲಿ ವಿದ್ಯುತ್ಪೂರೈಕೆಯ ಘಟಕವು ಪೆಟ್ಟಿಗೆಯ ಒಳಗೇ ಇದ್ದಿತು. ಮೊದಮೊದಲು ಅದು ಅತಿಯಾಗಿ ಕಾಯುತ್ತಿದ್ದುದರಿಂದ ತಯಾರಕರು ಅದನ್ನು ಬಿಟ್ಟು, ಬೇರೆ ಬಗೆಯ ಘಟಕವನ್ನು ಅಳವಡಿಸಬೇಕಾಯಿತು. ದೋಷವೂ ಅವರದೇ, ಪರಿಹಾರವೂ ಅವರದೇ. ಅದೇ ೧೯೮೧ರಲ್ಲಿ ಕ್ಲೈವ್ ಸಿಂಕ್ಲೇರ್ ಹೊರತಂದ ಜ಼ಡ್.ಎಕ್ಸ್. ೮೧ ಇದಕ್ಕೆ ವ್ಯತಿರಿಕ್ತವಾದುದು. ಅದರ ಬೆಲೆ ಜೋಡಿಸಿದ ಸ್ಥಿತಿಯಲ್ಲಿ ೭೦ ಪೌಂಡಿಗಿಂತ ಕಡಿಮೆ. ೯ ವೋಲ್ಟಿನ ಅಡಾಪ್ಟರು ಹೊರಗೆ ನೇತಾಡುತ್ತಿದ್ದಿತು. ೫ ವೋಲ್ಟಿಗೆ ಇಳಿಸುವ ನಿಯಂತ್ರಕವು ಒಳಗಿದ್ದ ಲೋಹದ ತಗಡನ್ನು ಬಿಸಿ ಮಾಡುತ್ತಿದ್ದಿತು. ಹಿಂಬದಿಗೆ ಸಿಕ್ಕಿಸಿದ ಸ್ಮೃತಿಯ ಡಬ್ಬಿಯು ಸ್ವಲ್ಪ ಅಲುಗಿದರೂ ಯಂತ್ರವು ಮಾಡಿದ ಕೆಲಸವನ್ನೆಲ್ಲ ಮರೆತುಬಿಡುತ್ತಿದ್ದಿತು. ಅಗ್ಗದ ಯಂತ್ರದಲ್ಲಿ ಬೆಲೆಯನ್ನು ಇಳಿಸುವ ಮೊದಲ ಉಪಾಯವೆಂದರೆ ವಿದ್ಯುತ್ತಿನ ಭಾರವನ್ನು ಪೆಟ್ಟಿಗೆಯಿಂದ ಹೊರಗೆ ತಳ್ಳುವುದು. ಮೂವತ್ತು ವರ್ಷಗಳ ಬಳಿಕ ರಾಸ್ಪ್‌ಬೆರಿ ಪೈ ಈ ನೀತಿಯನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ದಿತು. ೩೫ ಡಾಲರಿಗೆ ಬರುತ್ತಿದ್ದುದು ಬರಿಯ ಫಲಕ. ಪೆಟ್ಟಿಗೆಯಿಲ್ಲ, ಕೀಲಿಮಣೆಯಿಲ್ಲ, ಅಡಾಪ್ಟರೂ ಇಲ್ಲ.

ಹೀಗೆ ಮಾಡಲು ಧೈರ್ಯ ಬಂದುದಾದರೂ ಹೇಗೆ? ಇದಕ್ಕೆ ಉತ್ತರವು ಫಲಕದ ಚರಿತ್ರೆಯಲ್ಲಿಲ್ಲ, ಮೊಬೈಲ್ ದೂರವಾಣಿಯ ಚರಿತ್ರೆಯಲ್ಲಿದೆ. ೧೯೯೬ರಲ್ಲಿ ರೂಪುಗೊಂಡ ಯು.ಎಸ್.ಬಿ. ಎಂಬ ಜೋಡಣೆಯ ನಿಯಮವು ಮುಖ್ಯವಾಗಿ ಮಾಹಿತಿಯನ್ನು ಸಾಗಿಸುವುದಕ್ಕಾಗಿ ಹುಟ್ಟಿದುದು. ಅದರಲ್ಲಿ ೫ ವೋಲ್ಟಿನ ವಿದ್ಯುತ್ತು ಕೀಲಿಮಣೆ, ಮೌಸುಗಳಂಥ ಸಣ್ಣ ಉಪಕರಣಗಳಿಗೆ ಕೊಡುವ ಪಡಿಯಂತೆ ಇದ್ದಿತು: ಮೊದಲು ೧೦೦ ಮಿಲಿಆಂಪಿಯರ್, ಅನುಮತಿ ಪಡೆದ ಮೇಲೆ ಹೆಚ್ಚೆಂದರೆ ೫೦೦. ಜನರು ಇದನ್ನೇ ಮೊಬೈಲಿನ ಬ್ಯಾಟರಿಯನ್ನು ತುಂಬಲು ಬಳಸತೊಡಗಿದರು. ೨೦೦೭ರಲ್ಲಿ ಮೈಕ್ರೊ ಯು.ಎಸ್.ಬಿ. ಎಂಬ ಚಿಕ್ಕ ಕೊಂಡಿಯು ಬಂದಿತು. ೨೦೦೯ರಲ್ಲಿ ಯೂರೋಪಿನ ಆಯೋಗವು ಮೊಬೈಲ್ ತಯಾರಕರೊಡನೆ ಒಂದು ಒಪ್ಪಂದಕ್ಕೆ ಬಂದು, ಅವರಲ್ಲಿ ಬಹುಮಂದಿ ಆ ಒಂದೇ ಬಗೆಯ ಕೊಂಡಿಯನ್ನು ಬಳಸುವಂತೆ ಮಾಡಿತು. ಇದರ ಫಲವಾಗಿ ೨೦೧೨ರ ವೇಳೆಗೆ ಬ್ರಿಟನ್ನಿನ ಮನೆಮನೆಯ ಮೇಜಿನ ಖಾನೆಯಲ್ಲಿಯೂ ಒಂದೆರಡು ಮೈಕ್ರೊ ಯು.ಎಸ್.ಬಿ. ಚಾರ್ಜರುಗಳು ಬಿದ್ದಿದ್ದವು. ಇದ್ದುದನ್ನೇ ಬಳಸಿಕೊಂಡರೆ ಮಗುವಿಗೆ ಹೊಸ ಅಡಾಪ್ಟರಿನ ಖರ್ಚಿಲ್ಲ. ತರ್ಕವು ಸರಳವಾಗಿಯೇ ಇದ್ದಿತು.

ಆದರೆ ಈ ತರ್ಕದಲ್ಲಿ ಒಂದು ಬಿರುಕಿದ್ದಿತು. ಮೊಬೈಲಿನ ಚಾರ್ಜರು ಮೊಬೈಲನ್ನು ನಡೆಸುವುದಿಲ್ಲ. ಬ್ಯಾಟರಿಯನ್ನು ತುಂಬುತ್ತದೆ, ಅಷ್ಟೆ. ಮೊಬೈಲನ್ನು ನಡೆಸುವುದು ಬ್ಯಾಟರಿ. ಚಾರ್ಜರಿನಿಂದ ಬರುವ ವೋಲ್ಟೇಜು ಅರ್ಧ ಕ್ಷಣ ಕುಸಿದರೆ ತುಂಬುವ ಕೆಲಸ ನಿಧಾನವಾಗುತ್ತದೆಯೇ ಹೊರತು ಬೇರೇನೂ ಆಗುವುದಿಲ್ಲ. ಕೆರೆಗೆ ಬರುವ ನೀರು ಒಂದು ದಿನ ಕಡಿಮೆಯಾದರೆ ಗದ್ದೆಯವನಿಗೆ ತಿಳಿಯುವುದಿಲ್ಲ. ಹೊಳೆಯಿಂದ ನೇರವಾಗಿ ಕಾಲುವೆ ತೆಗೆದವನಿಗೆ ಅದೇ ದಿನ ತಿಳಿಯುತ್ತದೆ. ರಾಸ್ಪ್‌ಬೆರಿ ಪೈ ಕೆರೆಯಿಲ್ಲದ ಗದ್ದೆ. ಅದರಲ್ಲಿ ಬ್ಯಾಟರಿಯಿಲ್ಲ. ೭೦೦ ಮಿಲಿಆಂಪಿಯರ್ ಕೊಡಬಲ್ಲ ಚಾರ್ಜರು ಬೇಕೆಂದು ತಯಾರಕರು ಸೂಚಿಸಿದ್ದರು, ವೋಲ್ಟೇಜು ೪.೭೫ರಿಂದ ೫.೨೫ರ ಒಳಗೆ ಇರಬೇಕೆಂಬುದು ಆಗ ಬಳಕೆಯಲ್ಲಿದ್ದ ನಿಯಮ. ಅದನ್ನು ಅಳೆದು ನೋಡಲು ಫಲಕದ ಮೇಲೆಯೇ ಎರಡು ಬಿಂದುಗಳನ್ನೂ ಗುರುತಿಸಲಾಗಿದ್ದಿತು. ಮಕ್ಕಳಿಗೆಂದು ಮಾಡಿದ ಯಂತ್ರದಲ್ಲಿ ವೋಲ್ಟ್‌ಮಾಪಕವನ್ನು ಚುಚ್ಚಿ ನೋಡುವ ಬಿಂದುಗಳಿದ್ದುವೆಂಬುದು ತಯಾರಕರಿಗೂ ಈ ಸಂದೇಹ ಇದ್ದಿತೆಂಬುದಕ್ಕೆ ಸಾಕ್ಷಿಯಾಗಬಲ್ಲುದು.

ಇಲ್ಲಿ ತಂತಿಯ ಲೆಕ್ಕವನ್ನು ಸ್ವಲ್ಪ ನೋಡಬೇಕು. ಅಗ್ಗದ ಕೇಬಲ್ಲುಗಳಲ್ಲಿ ಸಾಮಾನ್ಯವಾಗಿ ಇರುವುದು ಅಮೆರಿಕದ ಅಳತೆಯ ೨೮ನೆಯ ಗೇಜಿನ ತಾಮ್ರದ ಎಳೆ. ಅದರ ರೋಧವು ಮೀಟರಿಗೆ ಸುಮಾರು ೦.೨೧ ಓಮ್. ಒಂದು ಮೀಟರ್ ಉದ್ದದ ಕೇಬಲ್ಲಿನಲ್ಲಿ ವಿದ್ಯುತ್ತು ಹೋಗಲು ಒಂದು ಎಳೆ, ಮರಳಲು ಒಂದು ಎಳೆ. ಒಟ್ಟು ರೋಧ ೦.೪೨ ಓಮ್. ೦.೭ ಆಂಪಿಯರ್ ಹರಿದಾಗ ೦.೨೯ ವೋಲ್ಟು ದಾರಿಯಲ್ಲಿಯೇ ಕಳೆದುಹೋಗುತ್ತದೆ. ಚಾರ್ಜರು ಪ್ರಾಮಾಣಿಕವಾಗಿ ೫ ವೋಲ್ಟನ್ನೇ ಕೊಟ್ಟರೂ ಫಲಕಕ್ಕೆ ತಲಪುವುದು ೪.೭೧. ಅಂದರೆ ಸೂಚಿಸಿದ ಪ್ರವಾಹವನ್ನೇ ಹರಿಸಿದರೂ ನಿಯಮದ ಮಿತಿ ತಪ್ಪುತ್ತದೆ. ಒಂದು ಆಂಪಿಯರ್ ಹರಿದರೆ ೪.೫೮ಕ್ಕೆ ಇಳಿಯುತ್ತದೆ. ೨೪ನೆಯ ಗೇಜಿನ ದಪ್ಪ ಎಳೆಯಾದರೆ ೦.೭ ಆಂಪಿಯರಿಗೆ ನಷ್ಟವು ೦.೧೨ ವೋಲ್ಟು ಮಾತ್ರ. ಕೊಳ್ಳುವವನ ಕಣ್ಣಿಗೆ ಎರಡು ಕೇಬಲ್ಲುಗಳೂ ಒಂದೇ. ಮೇಲಿನ ಪ್ಲಾಸ್ಟಿಕ್ಕಿನ ಹೊದಿಕೆಯು ಒಳಗಿನ ತಾಮ್ರವನ್ನು ಮುಚ್ಚಿರುತ್ತದೆ.

ದಾರಿಯಲ್ಲಿ ಇದ್ದುದು ತಂತಿಯೊಂದೇ ಅಲ್ಲ. ಫಲಕದ ಬಾಗಿಲಿನಲ್ಲಿ ಪಾಲಿಫ್ಯೂಸು ಎಂಬ, ಕಾದಾಗ ರೋಧವು ಏರಿ, ತಣಿದಾಗ ಮತ್ತೆ ಇಳಿಯುವ ರಕ್ಷಣಾಸಾಧನವಿದ್ದಿತು. ಮೊದಲ ಫಲಕಗಳಲ್ಲಿ ಕೀಲಿಮಣೆ, ಮೌಸುಗಳ ಕಿಂಡಿಗಳಿಗೂ ೧೪೦ ಮಿಲಿಆಂಪಿಯರಿನ ಇಂಥ ಫ್ಯೂಸುಗಳನ್ನು ಇಟ್ಟಿದ್ದರು. ಇವು ಪ್ರವಾಹಕ್ಕೆ ಎಡೆಗೊಡದೆ, ಕೀಲಿಮಣೆಗಳು ಒಂದೇ ಅಕ್ಷರವನ್ನು ಪುನಃ ಪುನಃ ಮೂಡಿಸುವುದೇ ಮೊದಲಾದ ವಿಚಿತ್ರಗಳಿಗೆ ಕಾರಣವಾದುವು. ೨೦೧೨ರ ಉತ್ತರಾರ್ಧದಲ್ಲಿ ಬಂದ ಫಲಕಗಳಲ್ಲಿ ಅವನ್ನು ತೆಗೆದುಹಾಕಲಾಯಿತು. ತೆಗೆದ ಮೇಲೆ ಇನ್ನೊಂದು ತೊಂದರೆ: ನಡೆಯುತ್ತಿರುವ ಯಂತ್ರಕ್ಕೆ ಹೊಸ ಉಪಕರಣವನ್ನು ಸಿಕ್ಕಿಸಿದೊಡನೆ ನುಗ್ಗುವ ಪ್ರವಾಹದಿಂದ ವೋಲ್ಟೇಜು ಕುಸಿದು ಗಣಕವೇ ಮರುಪ್ರಾರಂಭವಾಗುತ್ತಿದ್ದಿತು.

ಈ ಅವಧಿಯ ದೂರುಗಳಿಗೆಲ್ಲ ರೂಢಿಯಾಗಿ ದೊರೆಯುತ್ತಿದ್ದ ಉತ್ತರ ಒಂದೇ: ಚಾರ್ಜರು ಸರಿಯಿಲ್ಲ, ಕೇಬಲ್ ಸರಿಯಿಲ್ಲ. ಉತ್ತರವು ಸುಳ್ಳಲ್ಲ. ಆದರೂ ಚರಿತ್ರಕಾರನಿಗೆ ಅದು ತೃಪ್ತಿಕರವಾದುದಲ್ಲ. ಮನೆಯಲ್ಲಿದ್ದುದನ್ನೇ ಬಳಸಬಹುದೆಂಬ ಕಲ್ಪನೆಯ ಮೇಲೆ ನಿಂತ ಬೆಲೆಯದು; ಮನೆಯಲ್ಲಿದ್ದುದು ಸಾಲದೆಂದು ಆಮೇಲೆ ಹೇಳಿದರೆ ಆ ಬೆಲೆಯು ೩೫ ಡಾಲರಾಗಿ ಉಳಿಯುವುದಿಲ್ಲ. ಉಳಿದ ಹಣವನ್ನು ತೆತ್ತವರು ಬಳಕೆದಾರರು; ಹಣವಿಲ್ಲದವರು ಅದನ್ನು ನಷ್ಟದ ರೂಪದಲ್ಲಿ ತೆತ್ತರು. ನಷ್ಟವೆಂದರೆ ಇಲ್ಲಿ ಬಹುಮಟ್ಟಿಗೆ ಎಸ್.ಡಿ. ಕಾರ್ಡಿನ ನಷ್ಟ. ಈ ಗಣಕದ ಸಮಸ್ತ ವಿಷಯವೂ ಉಗುರಿನಷ್ಟು ದೊಡ್ಡ ಕಾರ್ಡಿನಲ್ಲಿರುತ್ತದೆ. ಬರೆಯುತ್ತಿರುವಾಗ ವಿದ್ಯುತ್ತು ಹೋದರೆ, ಆಗ ಬರೆಯುತ್ತಿದ್ದುದು ಮಾತ್ರವಲ್ಲದೆ, ಕಾರ್ಡು ತನ್ನೊಳಗೇ ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುತ್ತಿದ್ದ ಹಳೆಯ ವಿಷಯವೂ ಕೆಡಬಹುದು. ಹೊಸ ಬರವಣಿಗೆಯ ದೋಷಕ್ಕೆ ಹಳೆಯ ದಾಖಲೆಯು ಬಲಿಯಾಗುವ ಈ ಸಂಗತಿಯನ್ನು ನಮ್ಮ ವಿಭಾಗದ ಓದುಗರು ವಿಶೇಷವಾಗಿ ಲಕ್ಷಿಸಬೇಕು. ತಾಳೆಗರಿಯ ಪಟ್ಟಿಗಳನ್ನೂ ಶಾಸನಗಳ ಪಡಿಯಚ್ಚುಗಳನ್ನೂ ತೋರಿಸಲು ಇಂಥ ಫಲಕವನ್ನೂ ಪರದೆಯನ್ನೂ ಇಡುವುದು ಸುಲಭಸಾಧ್ಯವಾಗಿರುವ ಈ ಕಾಲದಲ್ಲಿ, ಮುಖ್ಯ ವಿದ್ಯುತ್ತೇ ಹೇಳದೆ ಕೇಳದೆ ಹೋಗುವ ನಮ್ಮ ಊರುಗಳಲ್ಲಿ, ಇದು ದೂರದ ಸಮಸ್ಯೆಯಲ್ಲ.

೨೦೧೪ರ ಜುಲೈಯಲ್ಲಿ ಬಂದ 'ಬಿ ಪ್ಲಸ್' ಫಲಕದಿಂದ ಎರಡನೆಯ ಘಟ್ಟವು ಪ್ರಾರಂಭವಾಗುತ್ತದೆ. ಹೆಚ್ಚಾದ ವೋಲ್ಟೇಜನ್ನು ಶಾಖವಾಗಿ ಸುಟ್ಟುಹಾಕುತ್ತಿದ್ದ ಹಳೆಯ ನಿಯಂತ್ರಕಗಳನ್ನು ತೆಗೆದು, ಸ್ವಿಚ್ ಮಾಡುವ ಬಗೆಯ ನಿಯಂತ್ರಕಗಳನ್ನು ಅದರಲ್ಲಿ ಹಾಕಿದರು. ಇದರಿಂದ ಅರ್ಧದಿಂದ ಒಂದು ವಾಟಿನವರೆಗೆ ಉಳಿತಾಯವಾಯಿತೆಂದು ತಯಾರಕರು ತಿಳಿಸಿದರು. ಬಿ.ಬಿ.ಸಿ. ಮೈಕ್ರೊದಲ್ಲಿ ನಡೆದುದೇ ಇಲ್ಲಿ ಮರುಕಳಿಸಿತೆನ್ನಬಹುದು. ಇದಕ್ಕಿಂತ ಮುಖ್ಯವಾದುದು ಇನ್ನೊಂದು ಬದಲಾವಣೆ. ವೋಲ್ಟೇಜು ಸುಮಾರು ೪.೬೩ಕ್ಕಿಂತ ಕೆಳಗೆ ಇಳಿದರೆ ಫಲಕದ ಮೇಲಿನ ಕೆಂಪು ದೀಪವು ಆರುವಂತೆ ಮಾಡಲಾಯಿತು. ಪರದೆಯ ಮೂಲೆಯಲ್ಲಿ ಬಣ್ಣದ ಚೌಕವೂ, ಮುಂದೆ ಅದರ ಬದಲಿಗೆ ಮಿಂಚಿನ ಚಿಹ್ನೆಯೂ ಮೂಡತೊಡಗಿದುವು. ಅನಂತರದ ಫಲಕಗಳಲ್ಲಿ ಗಣಕವು ಇಂಥ ವೇಳೆಯಲ್ಲಿ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಪ್ರಾರಂಭವಾದಂದಿನಿಂದ ಎಂದಾದರೂ ವೋಲ್ಟೇಜು ಕುಸಿದಿದ್ದಿತೇ ಎಂದು ಕೇಳಿದರೆ ಉತ್ತರ ಕೊಡುತ್ತದೆ. ಅದುವರೆಗೆ ಬಳಕೆದಾರನ ಮಾತಿಗೂ ತಯಾರಕನ ಮಾತಿಗೂ ನಡುವೆ ಸಾಕ್ಷಿಯಿಲ್ಲದೆ ನಡೆದ ವ್ಯಾಜ್ಯದಲ್ಲಿ ಯಂತ್ರವೇ ಸಾಕ್ಷಿ ನುಡಿಯತೊಡಗಿತು. ಮಿಂಚಿನ ಚಿಹ್ನೆಯಿಂದ ದೋಷವೇನೂ ಹೋಗಲಿಲ್ಲ. ದೋಷವು ಎಲ್ಲಿದೆಯೆಂಬುದು ಮಾತ್ರ ಗೊತ್ತಾಯಿತು.

ಕಾಲಕ್ರಮದಲ್ಲಿ ಮುಂದೆ ಬರುವ ಘಟನೆಯೊಂದು ಹಾಸ್ಯಾಸ್ಪದವೆನಿಸಿದರೂ ಬಿಡತಕ್ಕದ್ದಲ್ಲ. ೨೦೧೫ರ ಫೆಬ್ರವರಿಯಲ್ಲಿ 'ಪೈ ೨' ಹೊರಬಂದ ಕೆಲವೇ ದಿನಗಳಲ್ಲಿ, ಅದರ ಛಾಯಾಚಿತ್ರವನ್ನು ಕ್ಸೆನಾನ್ ಫ್ಲಾಶಿನೊಡನೆ ತೆಗೆದರೆ ಯಂತ್ರವು ಆರಿಹೋಗುತ್ತದೆಂಬ ಸುದ್ದಿ ಹಬ್ಬಿತು. ಸುದ್ದಿ ನಿಜವಾಗಿದ್ದಿತು. ಜಾಗವನ್ನು ಉಳಿಸಲು ಹೊದಿಕೆಯಿಲ್ಲದೆ ಕೂಡಿಸಿದ್ದ ವಿದ್ಯುನ್ನಿಯಂತ್ರಕ ಚಿಪ್ಪಿನ ಸಿಲಿಕಾನಿನ ಮೇಲೆ ತೀವ್ರವಾದ ಬೆಳಕು ಬಿದ್ದಾಗ ದ್ಯುತಿವಿದ್ಯುತ್ ಪರಿಣಾಮದಿಂದ ಅದು ಕ್ಷಣಕಾಲ ದಾರಿ ತಪ್ಪುತ್ತಿದ್ದಿತು. ಸೂರ್ಯನ ಬೆಳಕಿಗಾಗಲಿ ಸಾಮಾನ್ಯ ದೀಪಕ್ಕಾಗಲಿ ಹೀಗಾಗುತ್ತಿರಲಿಲ್ಲ. ಫಲಕಕ್ಕೆ ಶಾಶ್ವತವಾದ ಹಾನಿಯೂ ಇರಲಿಲ್ಲ. ಗೋಡೆಗೆ ಚಿತ್ರ ಅಂಟಿಸುವ ಮೆತುವಾದ ಅಂಟಿನ ಒಂದು ಚೂರನ್ನು ಚಿಪ್ಪಿನ ಮೇಲೆ ಒತ್ತಿಬಿಟ್ಟರೆ ಸಾಕಾಗಿದ್ದಿತು.

೨೦೧೫ರ ಸೆಪ್ಟೆಂಬರಿನಲ್ಲಿ ಅಧಿಕೃತ ಸ್ಪರ್ಶಪರದೆಯು ಬಂದಿತು: ಏಳು ಅಂಗುಲದ್ದು, ೮೦೦ಕ್ಕೆ ೪೮೦ ಬಿಂದುಗಳದು, ಹತ್ತು ಬೆರಳುಗಳನ್ನು ಒಟ್ಟಿಗೆ ಗುರುತಿಸಬಲ್ಲುದು. ಚಿತ್ರವು ಚಪ್ಪಟೆಯಾದ ಪಟ್ಟಿ ತಂತಿಯ ಮೂಲಕ ಸಾಗುತ್ತಿದ್ದಿತು. ಹಿಂಬೆಳಕಿಗೆ ಬೇಕಾದ ೫ ವೋಲ್ಟನ್ನು ಬೇರೆಯಾಗಿ ಕೊಡಬೇಕಾಗಿದ್ದಿತು. ಇದಕ್ಕೆ ಮೂರು ಮಾರ್ಗಗಳಿದ್ದುವು. ಫಲಕಕ್ಕೂ ಪರದೆಗೂ ಬೇರೆಬೇರೆ ಅಡಾಪ್ಟರುಗಳನ್ನು ಇಡುವುದು ಒಂದು. ಪರದೆಯ ಹಿಂದಿನ ಚಿಕ್ಕ ಫಲಕಕ್ಕೆ ವಿದ್ಯುತ್ತನ್ನು ಕೊಟ್ಟು, ಅಲ್ಲಿಂದ ಇನ್ನೊಂದು ಕೇಬಲ್ಲಿನಲ್ಲಿ ಗಣಕಕ್ಕೆ ಒಯ್ಯುವುದು ಮತ್ತೊಂದು. ಗಣಕಕ್ಕೆ ಕೊಟ್ಟು, ಅದರ ೪೦ ಸೂಜಿಗಳ ಸಾಲಿನಿಂದ ಎರಡು ಸಣ್ಣ ತಂತಿಗಳಲ್ಲಿ ಪರದೆಗೆ ಒಯ್ಯುವುದು ಮೂರನೆಯದು. ಎರಡಕ್ಕೂ ಕೂಡಿ ೨ ಆಂಪಿಯರಿನ ಪೂರೈಕೆಯು ಬೇಕೆಂದು ಸೂಚಿಸಲಾಗಿದ್ದಿತು.

ಮೂರನೆಯ ಮಾರ್ಗವೇ ಹೆಚ್ಚು ಜನಪ್ರಿಯವಾದುದು, ಅದೇಕೆಂದರೆ ಒಂದೇ ಚಾರ್ಜರು, ಒಂದೇ ಕೇಬಲ್ ಸಾಕಾಗುತ್ತದೆ. ದುರ್ಬಲವಾದುದೂ ಅದೇ. ಪರದೆಯ ಪ್ರವಾಹವೆಲ್ಲವೂ ಗಣಕದ ಮೈಕ್ರೊ ಯು.ಎಸ್.ಬಿ. ಕೊಂಡಿಯನ್ನೂ ಪಾಲಿಫ್ಯೂಸನ್ನೂ ದಾಟಿಯೇ ಬರಬೇಕು. ದಾಟುವಾಗ ಬೀಳುವ ವೋಲ್ಟೇಜಿನ ನಷ್ಟವನ್ನು ಗಣಕವೂ ಅನುಭವಿಸಬೇಕು. ಹಿಂಬೆಳಕು ಏರಿದಾಗಲೂ ಗಣಕವು ಭಾರಿ ಲೆಕ್ಕಕ್ಕೆ ತೊಡಗಿದಾಗಲೂ ಎರಡರ ಬೇಡಿಕೆ ಒಟ್ಟುಗೂಡುತ್ತದೆ. ಆಗ ಪರದೆಯ ಮೂಲೆಯಲ್ಲಿ ಮಿಂಚಿನ ಚಿಹ್ನೆಯು ಮಿನುಗುತ್ತದೆ. ಯಾವ ಪರದೆಯಿಂದಾಗಿ ವಿದ್ಯುತ್ತು ಸಾಲದಾಯಿತೋ ಆ ಪರದೆಯೇ ಅದನ್ನು ಸಾರುತ್ತದೆ. ಹಿಂಬೆಳಕನ್ನು ತಗ್ಗಿಸುವುದು, ಕೇಬಲ್ಲನ್ನು ಗಿಡ್ಡವೂ ದಪ್ಪವೂ ಆದುದನ್ನಾಗಿ ಬದಲಾಯಿಸುವುದು, ಇಲ್ಲವೆ ಮೊದಲನೆಯ ಮಾರ್ಗಕ್ಕೆ ಹಿಂದಿರುಗುವುದು ಇವೇ ಅದಕ್ಕೆ ಇದ್ದ ಪರಿಹಾರಗಳು. ಎರಡು ಅಡಾಪ್ಟರುಗಳ ಮಾರ್ಗವು ಅಂದವಾದುದಲ್ಲ, ಆದರೆ ನನ್ನ ಮಟ್ಟಿಗೆ ಆ ಕಾಲದಲ್ಲಿ ನಂಬತಕ್ಕದ್ದು ಅದೊಂದೇ.

೨೦೧೬ರ 'ಪೈ ೩'ರೊಡನೆ ತಯಾರಕರು ೫.೧ ವೋಲ್ಟು, ೨.೫ ಆಂಪಿಯರಿನ ಅಧಿಕೃತ ಅಡಾಪ್ಟರನ್ನು ಶಿಫಾರಸು ಮಾಡಿದರು. ೫ರ ಬದಲು ೫.೧ ಎಂಬ ಅಂಕಿಯಲ್ಲಿ ನಾಲ್ಕು ವರ್ಷಗಳ ಅನುಭವವು ಅಡಗಿದೆ: ದಾರಿಯಲ್ಲಿ ಸೋರಿಹೋಗುವುದನ್ನು ಮೊದಲೇ ಸೇರಿಸಿ ಅಳೆದು ಕೊಟ್ಟಂತೆ. ಕೇಬಲ್ಲು ಅಡಾಪ್ಟರಿಗೆ ಕಟ್ಟಿದುದೇ ಆಗಿದ್ದುದರಿಂದ ತೆಳುವಾದ ಬೇರೊಂದನ್ನು ಹಾಕುವ ಅವಕಾಶವೂ ಇರಲಿಲ್ಲ. ಮನೆಯ ಚಾರ್ಜರಿನ ಸಿದ್ಧಾಂತವು ಇಲ್ಲಿಗೆ ಮುಗಿಯಿತೆಂದು ಭಾವಿಸಬಹುದು.

೨೦೧೯ರ ಜೂನಿನಲ್ಲಿ ಬಂದ 'ಪೈ ೪' ಹೊಸ ಯು.ಎಸ್.ಬಿ. ಸಿ ಕೊಂಡಿಯನ್ನು ತಂದಿತು, ೩ ಆಂಪಿಯರ್. ಈ ಕೊಂಡಿಯ ನಿಯಮದಂತೆ, ತಾನು ವಿದ್ಯುತ್ತನ್ನು ಬೇಡುವ ಉಪಕರಣವೆಂದು ತಿಳಿಸಲು ಎರಡು ಸೂಚನಾಸೂಜಿಗಳಿಗೆ ೫.೧ ಕಿಲೋಓಮಿನ ಎರಡು ಪ್ರತ್ಯೇಕ ರೋಧಕಗಳನ್ನು ಇಡಬೇಕು. 'ಪೈ ೪'ರಲ್ಲಿ ಎರಡು ಸೂಜಿಗಳನ್ನೂ ಕೂಡಿಸಿ ಒಂದೇ ರೋಧಕವನ್ನು ಇಟ್ಟಿದ್ದರು. ಒಳಗೆ ಗುರುತಿನ ಚಿಪ್ಪುಳ್ಳ ಬೆಲೆಬಾಳುವ ಕೇಬಲ್ಲನ್ನು ಸಿಕ್ಕಿಸಿದರೆ ಚಾರ್ಜರು ಈ ಗಣಕವನ್ನು ಕಿವಿಗೆ ಹಾಕಿಕೊಳ್ಳುವ ಧ್ವನಿಯ ಉಪಕರಣವೆಂದು ತಪ್ಪಾಗಿ ತಿಳಿದು ವಿದ್ಯುತ್ತನ್ನೇ ಕೊಡುತ್ತಿರಲಿಲ್ಲ. ಚಿಪ್ಪಿಲ್ಲದ ಸಾಮಾನ್ಯ ಕೇಬಲ್ಲಿನಲ್ಲಿ ಯಾವ ತೊಂದರೆಯೂ ಇರಲಿಲ್ಲ. ಏಳು ವರ್ಷ ಅಗ್ಗದ ಕೇಬಲ್ಲನ್ನು ದೂಷಿಸಿದ ಬಳಿಕ ಉತ್ತಮವಾದ ಕೇಬಲ್ಲೇ ಕೆಲಸಕ್ಕೆ ಬಾರದಂತಾದುದು ಈ ಚರಿತ್ರೆಯ ಒಂದು ವಿಪರ್ಯಾಸ. ಈ ಬಾರಿ ಹೊಣೆಯ ವಿಷಯದಲ್ಲಿ ಚರ್ಚೆಗೆ ಎಡೆಯಿರಲಿಲ್ಲ. ಅಪ್ಟನ್ ಅವರು ಅದೇ ಜುಲೈಯಲ್ಲಿ ದೋಷವನ್ನು ಒಪ್ಪಿಕೊಂಡರು. ೨೦೨೦ರ ಆರಂಭದ ವೇಳೆಗೆ ತಿದ್ದಿದ ಫಲಕಗಳು ಕೊಳ್ಳುವವರ ಕೈಸೇರತೊಡಗಿದುವು.

ಇಷ್ಟೆಲ್ಲಕ್ಕೂ ಮೂಲದಲ್ಲಿರುವ ತೊಡಕು ೫ ವೋಲ್ಟು ಎಂಬ ಕಡಿಮೆಯ ಅಂಕಿ. ಅದೇ ಶಕ್ತಿಯನ್ನು ಹೆಚ್ಚಿನ ವೋಲ್ಟೇಜಿನಲ್ಲಿ ಸಾಗಿಸಿದರೆ ಪ್ರವಾಹವು ಕಡಿಮೆಯಾಗಿ ನಷ್ಟವೂ ಕಡಿಮೆಯಾಗುವುದು. ಈ ತತ್ತ್ವವು ನಮ್ಮ ನಾಡಿಗೆ ಹೊಸದಲ್ಲ. ೧೯೦೨ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ತೊಂಬತ್ತಕ್ಕೂ ಹೆಚ್ಚು ಮೈಲಿ ದೂರ ವಿದ್ಯುತ್ತನ್ನು ಒಯ್ದವರು ಹತ್ತಾರು ಸಾವಿರ ವೋಲ್ಟುಗಳಿಗೆ ಏರಿಸಿದುದು ಇದೇ ಕಾರಣಕ್ಕಾಗಿ. ೨೦೧೮ರಲ್ಲಿ ಈಥರ್‌ನೆಟ್ ತಂತಿಯ ಮೂಲಕವೇ ವಿದ್ಯುತ್ತನ್ನು ಪಡೆಯುವ ಚಿಕ್ಕ ಮೇಲ್ಫಲಕವೊಂದು ರಾಸ್ಪ್‌ಬೆರಿ ಪೈಗೆ ಬಂದಿತು; ಆ ತಂತಿಯಲ್ಲಿ ಹರಿಯುವುದು ೪೮ ವೋಲ್ಟಿನ ಆಸುಪಾಸು. ಯು.ಎಸ್.ಬಿ. ಸಿ ಕೊಂಡಿಯಲ್ಲಿಯೂ ಚಾರ್ಜರು ಮತ್ತು ಉಪಕರಣ ಪರಸ್ಪರ ಮಾತುಕತೆ ನಡೆಸಿ ೯, ೧೫, ೨೦ ವೋಲ್ಟುಗಳಿಗೆ ಏರಲು ಅವಕಾಶವುಂಟು.

ಆದರೂ ೨೦೨೩ರ 'ಪೈ ೫' ೫ ವೋಲ್ಟನ್ನು ಬಿಡಲಿಲ್ಲ. ಮಾತುಕತೆಯನ್ನೇನೋ ಕಲಿತಿತು, ಆದರೆ ಕೇಳಿದುದು ಹೆಚ್ಚಿನ ವೋಲ್ಟನ್ನಲ್ಲ, ೫ ಆಂಪಿಯರನ್ನು. ಹೆಚ್ಚಿನ ವೋಲ್ಟೇಜನ್ನು ಫಲಕದ ಮೇಲೆಯೇ ಇಳಿಸಬೇಕಾದರೆ ಇನ್ನೊಂದು ಮಂಡಲ ಬೇಕು. ಅದಕ್ಕೆ ಸ್ಥಳವೂ ಹಣವೂ ಬೇಕು. ಸೂಜಿಗಳ ಸಾಲಿನಲ್ಲಿ, ಯು.ಎಸ್.ಬಿ. ಕಿಂಡಿಗಳಲ್ಲಿ, ಪರದೆಯಲ್ಲಿ ಎಲ್ಲೆಡೆಯೂ ೫ ವೋಲ್ಟೇ ಬೇಕಾಗಿರುವಾಗ ಹಳೆಯ ಅಂಕಿಯನ್ನು ಬಿಡುವುದು ಸುಲಭವಲ್ಲ. ೧೯೯೬ರ ನಿಯಮವು ೨೦೨೩ರ ಯಂತ್ರವನ್ನು ಕಟ್ಟಿಹಾಕಿದುದು ಹೀಗೆ. ೫ ವೋಲ್ಟಿಗೆ ೫ ಆಂಪಿಯರ್ ಕೊಡುವ ಚಾರ್ಜರು ಸಾಮಾನ್ಯ ಮನೆಯಲ್ಲಿ ಸಿಕ್ಕುವುದು ದುರ್ಲಭ. ಲ್ಯಾಪ್‌ಟಾಪಿನ ದೊಡ್ಡ ಚಾರ್ಜರು ಕೂಡ ೫ ವೋಲ್ಟಿನಲ್ಲಿ ಸಾಮಾನ್ಯವಾಗಿ ೩ ಆಂಪಿಯರಿಗೆ ನಿಲ್ಲುತ್ತದೆ. ಆದುದರಿಂದ ೨೭ ವಾಟಿನ ಅಧಿಕೃತ ಅಡಾಪ್ಟರನ್ನು ಬೇರೆಯಾಗಿ ಕೊಳ್ಳಬೇಕಾಯಿತು. ೩ ಆಂಪಿಯರಿನ ಚಾರ್ಜರನ್ನು ಸಿಕ್ಕಿಸಿದರೆ ಗಣಕವು ನಡೆಯುತ್ತದೆ. ಆದರೆ ತನ್ನ ಯು.ಎಸ್.ಬಿ. ಕಿಂಡಿಗಳಿಗೆಲ್ಲ ಕೂಡಿ ೬೦೦ ಮಿಲಿಆಂಪಿಯರಿಗಿಂತ ಹೆಚ್ಚು ಬಿಡುವುದಿಲ್ಲ. ೫ ಆಂಪಿಯರ್ ದೊರೆತರೆ ಅದನ್ನು ೧.೬ ಆಂಪಿಯರಿಗೆ ಏರಿಸುತ್ತದೆ. ಮುಖ್ಯ ಫಲಕಗಳ ಸಾಲಿನಲ್ಲಿ ಮೊದಲ ಬಾರಿಗೆ ಒಂದು ಗುಂಡಿಯನ್ನೂ ಇದರಲ್ಲಿ ಇಟ್ಟರು. ಅದನ್ನು ಒತ್ತಿ ಗಣಕವನ್ನು ಕ್ರಮವಾಗಿ ಮಲಗಿಸಬಹುದು. ಅದುವರೆಗಿನ ಹನ್ನೊಂದು ವರ್ಷಗಳಲ್ಲಿ, ಪರದೆಯ ಮೇಲಿನ ಆಜ್ಞೆಯನ್ನು ಅರಿಯದ ಮಗುವಿಗೆ ಯಂತ್ರವನ್ನು ನಿಲ್ಲಿಸಲು ಇದ್ದ ಉಪಾಯವೆಂದರೆ ತಂತಿಯನ್ನು ಕೀಳುವುದು.

೨೦೨೪ರ ನವೆಂಬರಿನಲ್ಲಿ ಎರಡನೆಯ ಸ್ಪರ್ಶಪರದೆಯು ಹೊರಬಂದಿತು. ಅಳತೆ ಏಳು ಅಂಗುಲವೇ; ಬಿಂದುಗಳು ೭೨೦ಕ್ಕೆ ೧೨೮೦. ಹಿಂದಿನ ಮೂರು ಮಾರ್ಗಗಳಲ್ಲಿ ಅದಕ್ಕೆ ಉಳಿದುದು ಮೂರನೆಯದೊಂದೇ: ಗಣಕದ ಸೂಜಿಗಳಿಂದ ಬರುವ ತಂತಿ. ಈ ಪರದೆಯನ್ನು ಇಡಬೇಕೆನ್ನುವವರು ಗಣಕ, ಪರದೆ, ಕಿಂಡಿಗಳಿಗೆ ಸಿಕ್ಕಿಸುವ ಉಪಕರಣಗಳು ಇವೆಲ್ಲದರ ಪ್ರವಾಹವನ್ನು ಒಟ್ಟಾಗಿ ಕೂಡಿಸಿ, ಒಂದೇ ಕೊಂಡಿಯ ಮೂಲಕ ಅಷ್ಟನ್ನೂ ತರಬಲ್ಲ ಅಡಾಪ್ಟರನ್ನು ಮೊದಲು ಗೊತ್ತುಮಾಡಿಕೊಳ್ಳಬೇಕಾಗುತ್ತದೆ.